ಸಿಸ್ಟರ್ ರೊಸೆಟ್ಟಾ ಥಾರ್ಪ್‌ಗೆ ಸಲ್ಲಬೇಕಾದ ಸ್ಥಾನ

ರಾಕ್ ಅಂಡ್ ರೋಲ್ ಸಂಗೀತ ಹೇಗೆ ಹುಟ್ಟಿತು ಎಂಬ ಮಾತು ಬಂದಾಗಲೆಲ್ಲ ಎಲ್ವಿಸ್ ಪ್ರೀಸ್ಲಿ, ಚಕ್ ಬೆರ್ರಿ, ಲಿಟಲ್ ರಿಚರ್ಡ್ ಅವರ ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಅಮೆರಿಕದ ಕಪ್ಪು ಜನಾಂಗದ ಗಾಯಕಿ, ಗಿಟಾರ್ ವಾದಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರ ಪ್ರಸ್ತಾಪ ಬಂದರೂ ‘ಇವರಿಗೆಲ್ಲ ಸ್ಫೂರ್ತಿಯಾದವರು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರನ್ನು ರಾಕ್‌ನ ಪೂರ್ವಸೂರಿಗಳ ಪಟ್ಟಿಯಿಂದ ತೆಗೆದು, ರಾಕ್ ಗಿಟಾರ್ ವಾದಕರ ಪಟ್ಟಿಯಲ್ಲೇ ಮೊದಲಿಗರಾಗಿ ಎಣಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಥಾರ್ಪ್ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ತಾಯಿ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತ, ಹಾಡುತ್ತ ಧರ್ಮಬೋಧನೆ ಮಾಡುತ್ತಿದ್ದವರು. ಅವರು ಸೇರಿದ್ದ ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಥದಲ್ಲಿ ಚಪ್ಪಾಳೆ, ಕುಣಿತ, ವಾದ್ಯಗಳೆಲ್ಲ ಪ್ರಾರ್ಥನೆಯ ಭಾಗವೇ ಆಗಿದ್ದವು. ಆ ಲಯದಲ್ಲೇ ಬೆಳೆದ ಮಗಳು ಎಳವೆಯಲ್ಲೇ ಗಿಟಾರ್ ಹಿಡಿದು ಜನರೆದುರು ನಿಂತಳು. ಮುಂದೆ 1938ರಲ್ಲಿ ಡೆಕ್ಕಾ ಕಂಪನಿಗೆ ಧ್ವನಿಮುದ್ರಣ, ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಡು, ಅದೇ ಡಿಸೆಂಬರಿನಲ್ಲಿ ಕಾರ್ನೆಗಿ ಹಾಲ್ ಎಂಬ ಹೆಸರಾಂತ ಸಂಗೀತ ಸಭಾಂಗಣದ ವೇದಿಕೆ. ದೇವರ ಹಾಡನ್ನು ನೈಟ್‌ಕ್ಲಬ್ಬಿಗೆ ಒಯ್ದರೆಂದು ಚರ್ಚಿನ ಅನೇಕರು ನೊಂದುಕೊಂಡರು. ಥಾರ್ಪ್ ಎರಡೂ ಕಡೆ ಹಾಡುವುದನ್ನು ಬಿಡಲಿಲ್ಲ.

ಅವರ ವಾದನದ ಬಗ್ಗೆ ಹೇಳಬೇಕಾದ್ದು ಬಹಳವಿದೆ. ತಂತಿಗಳನ್ನು ಹಾಗೆಯೇ ಮೀಟಿದರೂ ಒಂದು ಪೂರ್ಣ ಸ್ವರಮೇಳ ಹೊಮ್ಮುವಂತೆ ಶ್ರುತಿ ಮಾಡಿಕೊಂಡು, ಒಂದೊಂದೇ ತಂತಿಯನ್ನು ಬಿಡಿಸಿ ನುಡಿಸುವುದು ಅವರ ಕ್ರಮವಾಗಿತ್ತು. ಹಾಡಿನ ಸಾಲು ಮುಗಿಯುವಷ್ಟರಲ್ಲಿ ಗಿಟಾರ್ ಅದಕ್ಕೆ ಉತ್ತರ ಕೊಟ್ಟಿರುತ್ತದೆ; ನಮ್ಮ ಕಛೇರಿಗಳ ಸವಾಲ್–ಜವಾಬ್‌ನಲ್ಲಿ ಇಬ್ಬರು ಮಾಡುವ ಕೆಲಸವನ್ನು ಇಲ್ಲಿ ಒಬ್ಬರೇ ಕಂಠ ಮತ್ತು ಬೆರಳುಗಳ ನಡುವೆ ಹಂಚಿಕೊಂಡಿದ್ದಾರೆ. 1944ರಲ್ಲಿ ಸ್ಯಾಮಿ ಪ್ರೈಸ್ ಅವರ ಪಿಯಾನೊದೊಂದಿಗೆ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಅದನ್ನು ಮೊತ್ತಮೊದಲ ರಾಕ್ ಅಂಡ್ ರೋಲ್ ಮುದ್ರಿಕೆ ಎನ್ನುವವರಿದ್ದಾರೆ. ಎಲ್ವಿಸ್ ಅವರ ಮೊದಲ ಸಿಂಗಲ್ ಹೊರಬಂದದ್ದು 1954ರಲ್ಲಿ, ಬೆರ್ರಿಯವರದು 1955ರಲ್ಲಿ ಎಂಬುದನ್ನು ನೆನೆದರೆ ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಹದಿಹರೆಯದ ಲಿಟಲ್ ರಿಚರ್ಡ್‌ನನ್ನು ಜಾರ್ಜಿಯಾದ ಮೇಕನ್ ನಗರದಲ್ಲಿ ತಮ್ಮ ವೇದಿಕೆಗೆ ಕರೆದು ಹಾಡಿಸಿದವರೂ ಥಾರ್ಪ್ ಅವರೇ. ವರ್ಣಭೇದದ ಆ ದಿನಗಳಲ್ಲಿ ಬಿಳಿಯರ ಗಾಯನತಂಡವಾದ ಜೋರ್ಡನೇರ್ಸ್ ಜೊತೆಗೂಡಿ ಊರೂರು ಸುತ್ತಿ ಹಾಡಿದರು; ಎಲ್ವಿಸ್ ಅವರ ಹಿಂದೆ ನಿಂತು ದನಿಗೂಡಿಸಿ ಪ್ರಸಿದ್ಧವಾದದ್ದು ಇದೇ ತಂಡ.

ಅವರನ್ನು ಹೊಸದಾಗಿ ಕೇಳುವವರು 1964ರ ಮೇ 7ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಚಿತ್ರಿಸಿದ ದೃಶ್ಯವನ್ನು ನೋಡಲೇಬೇಕು. ರೈಲು ನಿಲ್ಲುವುದನ್ನು ಬಿಟ್ಟಿದ್ದ ವಿಲ್‌ಬ್ರಹಮ್ ರೋಡ್ ನಿಲ್ದಾಣದಲ್ಲಿ ಗ್ರನಾಡಾ ಟಿವಿಯವರು ಏರ್ಪಡಿಸಿದ್ದ ಕಾರ್ಯಕ್ರಮವದು. ಶ್ರೋತೃಗಳು ಒಂದು ಪ್ಲಾಟ್‌ಫಾರ್ಮಿನಲ್ಲಿ, ಕಲಾವಿದರು ಎದುರಿನದರಲ್ಲಿ. ಮಳೆ ಬಂದು ನೆಲವೆಲ್ಲ ಒದ್ದೆಯಾಗಿದೆ. ಕುದುರೆಗಾಡಿಯಿಂದಿಳಿದ ಥಾರ್ಪ್ ದಪ್ಪ ಕೋಟಿನ ಮೇಲೆ ಬಿಳಿಯ ಗಿಬ್ಸನ್ ಗಿಟಾರ್ ತೊಟ್ಟು, ಮಳೆಯದೇ ಹಾಡಾದ ‘ಡಿಡಂಟ್ ಇಟ್ ರೇನ್’ ಎತ್ತಿಕೊಳ್ಳುತ್ತಾರೆ. ನಡುವೆ ಬರುವ ಗಿಟಾರ್ ಸೋಲೋದಲ್ಲಿ ಹಿಂಜರಿಕೆಯ ಲವಲೇಶವೂ ಇಲ್ಲ.

ಈ ಸಂಗೀತದ ಸಾಧಕರನ್ನು ಗೌರವಿಸುವ ಅಮೆರಿಕದ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರ ಮೊದಲ ತಂಡದಲ್ಲೇ ಬೆರ್ರಿ, ಎಲ್ವಿಸ್, ರಿಚರ್ಡ್ ಮೂವರನ್ನೂ ಗೌರವಿಸಿತು. 1973ರಲ್ಲಿ ತೀರಿಕೊಂಡ ಥಾರ್ಪ್ ಅವರ ಸರದಿ ಬಂದದ್ದು 2018ರಲ್ಲಿ, ಅದೂ ಕಲಾವಿದರ ವಿಭಾಗದಲ್ಲಿ ಅಲ್ಲ, ಆರಂಭಿಕ ಪ್ರಭಾವಗಳ ವಿಭಾಗದಲ್ಲಿ. ಅವರು ಮ್ಯಾಂಚೆಸ್ಟರಿನಲ್ಲಿ ನುಡಿಸಿದ ತಿಂಗಳಲ್ಲೇ ಚಕ್ ಬೆರ್ರಿಯೂ ಬ್ರಿಟನ್ನಿನಲ್ಲಿ ಪ್ರವಾಸದಲ್ಲಿದ್ದರು. ಒಂದೇ ದೇಶದಲ್ಲಿ, ಒಂದೇ ತಿಂಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ ಇಬ್ಬರಲ್ಲಿ ಒಬ್ಬರು ರಾಕ್ ಕಲಾವಿದರು, ಇನ್ನೊಬ್ಬರು ಬರಿಯ ಪ್ರಭಾವ ಎನ್ನುವ ಈ ವಿಂಗಡಣೆಯನ್ನು ಆ ಸಂಸ್ಥೆ ಇನ್ನಾದರೂ ತಿದ್ದಬೇಕು.