ಸ್ಕ್ಯಾನ್ ಮಾಡಿ, ನಾನ್ಯಾರು ಹೇಳಿ

ಬೆಂಗಳೂರಿನ ಕರೆಂಟ್ ಕಂಬದಲ್ಲಿ ಮೊದಲು ಎಲ್ಲವೂ ಬಾಯಿಬಿಟ್ಟು ಹೇಳಿದಂತೆ ಇರುತ್ತಿತ್ತು. ಬೋರ್‌ವೆಲ್ ರಿಪೇರಿ, ಪಿಜಿ ಖಾಲಿ ಇದೆ, ಮನೆಪಾಠ. ಕೆಳಗೆ ದಪ್ಪ ಅಕ್ಷರದಲ್ಲಿ ಹತ್ತು ಅಂಕಿ. ಈಗ ಅದೇ ಕಂಬದ ಮೇಲೆ ಬರೀ ಒಂದು ಕಪ್ಪು-ಬಿಳಿ ಚೌಕ, ಅದರಡಿ ‘ಸ್ಕ್ಯಾನ್ ಮಿ’. ಅಂಟಿಸಿದ ಫ್ರೀಲಾನ್ಸರ್, ಅಂದರೆ ಸ್ವಂತವಾಗಿ ಬಿಡಿ ಕೆಲಸ ಹಿಡಿಯುವವರು, ಲೋಗೋ ಡಿಸೈನರೋ, ಯೋಗ ಟೀಚರೋ, ಡ್ರೋನ್ ಹಾರಿಸುವವರೋ? ಹೇಳಿಬಿಟ್ಟರೆ ಗಿರಾಕಿ ಬಂದುಬಿಡುತ್ತಾನೆ, ಅಲ್ವಾ?

ಈ ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದರು. ಯಾವ ಕಡೆಯಿಂದ ಹಿಡಿದರೂ ಥಟ್ಟನೆ ಓದಲಿ ಅಂತ ಮೂರು ಮೂಲೆಗೆ ಮೂರು ಚೌಕ ಇಟ್ಟರು. ಪಾಪ, ಓಡುವ ಆಟೋದ ಬೆನ್ನಿಗೆ, ಫ್ಲೈಓವರ್ ಕಂಬದ ನೆತ್ತಿಗೆ ಇದನ್ನು ಅಂಟಿಸುವವರು ಹುಟ್ಟುತ್ತಾರೆ ಅಂತ ಅವರಿಗೇನು ಗೊತ್ತು?

ಇನ್ನೂ ಬುದ್ಧಿವಂತರು ಕೋಡನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ. ನಿಮ್ಮ ಮೊಬೈಲಿನಲ್ಲಿರುವ ಕೋಡನ್ನು ನಿಮ್ಮ ಮೊಬೈಲಿನಿಂದಲೇ ಸ್ಕ್ಯಾನ್ ಮಾಡಬೇಕು. ಪಕ್ಕದ ಮನೆಯವರ ಫೋನ್ ಕೇಳಿ ತಂದು, ಲಾಕ್ ತೆಗೆಸಿ, ಸ್ಕ್ಯಾನ್ ಮಾಡಿದರೆ ಕೊನೆಗೆ ತೆರೆಯುವುದು ಏನು? ನಿಮಗೆ ಆ ಸ್ಟೇಟಸ್ ತೋರಿಸಿದವರದ್ದೇ ವಾಟ್ಸಾಪ್ ನಂಬರ್.

ಮೊನ್ನೆ ಒಂದು ಮದುವೆ ಛತ್ರದಲ್ಲಿ ಫೋಟೋಗ್ರಾಫರ್ ಹುಡುಗ ಟೀ ಶರ್ಟಿನ ಬೆನ್ನ ಮೇಲೆ ಕೋಡ್ ಅಚ್ಚು ಹಾಕಿಸಿಕೊಂಡು ಮಂಟಪದ ಸುತ್ತ ಓಡಾಡುತ್ತಿದ್ದ. ಅವನ ಹಿಂದೆ ಮೊಬೈಲ್ ಚಾಚಿಕೊಂಡು ಹುಡುಗಿಯ ದೊಡ್ಡಪ್ಪ.

“ಒಂದ್ನಿಮಿಷ ನಿಲ್ಲಪ್ಪಾ, ಮುಯ್ಯಿ ಹಾಕ್ಬೇಕು.”

“ಮುಯ್ಯಿದಲ್ಲ ಅಂಕಲ್, ಇದು ನನ್ನ ಪೋರ್ಟ್‌ಫೋಲಿಯೋ.”

“ಅದ್ಯಾವ ಬ್ಯಾಂಕು?”

ದೊಡ್ಡಪ್ಪನದ್ದು ಏನೂ ತಪ್ಪಿಲ್ಲ. 2016ರಲ್ಲಿ ಯುಪಿಐ ಬಂದಮೇಲೆ ಎಳನೀರು ಗಾಡಿಯಿಂದ ಹಿಡಿದು ದೇವಸ್ಥಾನದ ಹುಂಡಿವರೆಗೆ ಈ ಚೌಕ ಹೇಳುವುದು ಒಂದೇ ಮಾತು: ದುಡ್ಡು ಹಾಕು. ಜೊತೆಗೆ ‘ಗೊತ್ತಿಲ್ಲದ ಕೋಡ್ ಸ್ಕ್ಯಾನ್ ಮಾಡಬೇಡಿ’ ಅಂತ ಪೊಲೀಸರು, ಬ್ಯಾಂಕಿನವರು ಎಚ್ಚರಿಸುತ್ತಲೇ ಇದ್ದಾರೆ. ಊರಿಗೆಲ್ಲ ಹೀಗೆ ಹೆದರಿಕೆ ಹುಟ್ಟಿರುವಾಗ ಹೆಸರಿಲ್ಲ, ಕಸುಬಿಲ್ಲ, ಬರೀ ‘ನನ್ನನ್ನು ಸ್ಕ್ಯಾನ್ ಮಾಡಿ’. ಯಾರು ಕೈ ಹಾಕ್ತಾರೆ ಸ್ವಾಮಿ?

ಕೋಡಿನ ಪೋಸ್ಟರ್ ಹೇಗಿರಬೇಕು ಅಂತ ರಾಜಕೀಯದವರಿಗೆ ಚೆನ್ನಾಗಿ ಗೊತ್ತು. 2022ರಲ್ಲಿ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳ ಮೇಲೆ 40 ಪರ್ಸೆಂಟ್ ಕಮಿಷನ್ ಆರೋಪದ ‘ಪೇಸಿಎಂ’ ಪೋಸ್ಟರ್ ಅಂಟಿಸಿತಲ್ಲ, ಕೋಡಿನ ನಡುವೆ ಆಗಿನ ಮುಖ್ಯಮಂತ್ರಿಗಳ ಮುಖ ಇಟ್ಟು? ಅದನ್ನು ಯಾರೂ ಸ್ಕ್ಯಾನ್ ಮಾಡಬೇಕಾಗಿಯೇ ಇರಲಿಲ್ಲ. ಬೈಕಿನಲ್ಲಿ ಹೋಗುವವನಿಗೂ ಹೇಳಬೇಕಾದ್ದು ಮುಟ್ಟುತ್ತಿತ್ತು.

ನಮ್ಮ ಫ್ರೀಲಾನ್ಸರ್‌ಗಳ ಕಲೆಯೇ ಬೇರೆ. ಕೋಡಿನ ಶೇಕಡಾ 30ರಷ್ಟು ಹಾಳಾದರೂ ಓದಲು ಬರುವ ಏರ್ಪಾಡು ಅದರಲ್ಲೇ ಇದೆ ಅಂತ ಯಾರೋ ಹೇಳಿದ್ದೇ ತಡ, ನಡುವೆ ತಮ್ಮ ಫೋಟೋ ಕೂರಿಸಿದರು. ಅರ್ಧ ಕೋಡ್ ಗಡ್ಡದಲ್ಲೇ ಮುಳುಗಿತು. ಉಳಿದರ್ಧ ತಿಳಿಗುಲಾಬಿ ಮೇಲೆ ಬಿಳಿ ಬಣ್ಣ, ನೋಡಲು ತಂಪು ಅಂತ. ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಪ್ರಿಂಟಿಂಗ್ ಪ್ರೆಸ್ಸಿನವರು ಕತ್ತರಿಸಿ ಕೊಟ್ಟರು.

ಇದನ್ನೂ ದಾಟಿದರೆ ಕೋಡ್ ಮಾಡಿಕೊಡುವ ಕಂಪನಿಗಳ ಪುಕ್ಕಟೆ ಟ್ರಯಲ್‌ನ ಕಾಟ ಇದೆ. ವಿಳಾಸ ನೇರವಾಗಿ ತುಂಬಿದ ಸಾದಾ ಕೋಡಿಗೆ ಅವಧಿ ಅನ್ನುವುದೇ ಇಲ್ಲ. ದುಡ್ಡೂ ಬೇಡ. ಆದರೆ ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತ ಎಣಿಸುವ ಆಸೆಗೆ ನಮ್ಮವರು ‘ಡೈನಾಮಿಕ್’ ಕೋಡ್ ತೆಗೆದುಕೊಳ್ಳುತ್ತಾರೆ. ಅದು ಮೊದಲು ಬೇರೆ ಕಂಪನಿಯ ಬಾಗಿಲಿಗೆ ಹೋಗಿ ಆಮೇಲೆ ಇವರ ಮನೆಗೆ ಬರುತ್ತದೆ. ಕೆಲವು ಕಡೆ ಟ್ರಯಲ್ ಮುಗಿದ ದಿನವೇ ಆ ಬಾಗಿಲಿಗೆ ಬೀಗ. ವಿಸಿಟಿಂಗ್ ಕಾರ್ಡ್ ಮಾತ್ರ ಅಷ್ಟರಲ್ಲಿ ಸಾವಿರ ಅಚ್ಚಾಗಿ ಡಬ್ಬದಲ್ಲಿ ಕೂತಿರುತ್ತದೆ. ಹಳೇ ಕಾಲದ ಹಾಗೆ ಅದರಲ್ಲಿ ಫೋನ್ ನಂಬರ್ ಇದೆಯಾ ಅಂತ ಕೇಳಬೇಡಿ. ಅದು ಡಿಸೈನಿಗೆ ಒಗ್ಗುತ್ತಿರಲಿಲ್ಲವಂತೆ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಗಾಬರಿಬಿದ್ದು ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬರೆದು ಹಾಕಿದ್ದರು. ಜಿಎಸ್‌ಟಿ ನೋಂದಣಿ ಇಲ್ಲದೆ ನಡೆಸಬಹುದಾದ ವಹಿವಾಟಿಗೆ ವರ್ಷದ ಮಿತಿ ಸರಕಿನಲ್ಲಾದರೆ 40 ಲಕ್ಷ, ಸೇವೆಯಲ್ಲಾದರೆ 20 ಲಕ್ಷ. ಸೇವೆಯ ಲೆಕ್ಕದಲ್ಲಿ ಬರುವ ನಮ್ಮ ‘ಸ್ಕ್ಯಾನ್ ಮಿ’ ಬಳಗದವರು ಮಾತ್ರ ಒಂದು ಕೋಡನ್ನೂ ಕೀಳಲಿಲ್ಲ. ಇಲಾಖೆಯವರೇ ಬಂದು ಸ್ಕ್ಯಾನ್ ಮಾಡಿದ್ದರೂ ಖುಷಿಯಾಗುತ್ತಿತ್ತು ಅವರಿಗೆ.