ಗಟ್ಟಿ ಮನಸ್ಸು ಒಂದೇ ಸಾಕಾ?

ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಧ್ಯಾನ, ಕೌನ್ಸೆಲಿಂಗ್ ಕೊಟ್ಟರೆ ಮನಸ್ಸು ಗಟ್ಟಿಯಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬೇಡ ಅನ್ನಲ್ಲ ಸರ್. ಆದರೆ ಕೆಳಗೆ ಇಳಿಯುವವನಿಗೆ ಧೈರ್ಯ ಬರುವುದು, ಮೇಲಿರುವವರು ತನ್ನನ್ನು ಕೈಬಿಡಲ್ಲ ಅನ್ನುವ ನಂಬಿಕೆಯಿಂದ. 1989ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ ಬೋರ್ ಕೊರೆದು, ಒಬ್ಬರೇ ನಿಲ್ಲುವಷ್ಟು ಜಾಗದ ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಮೇಲೆತ್ತಿದರು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ಕೆಳಗಿಳಿದಿದ್ದರು!

ಇನ್ನೊಂದು, ಕೆಲಸ ಹೋಗುವ ಭಯ. ನಮ್ಮ ಚಿತ್ರದುರ್ಗದಲ್ಲಿರುವುದು ಕಬ್ಬಿಣದ ಅದಿರು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ (ನಿಲ್ಲಿಸಿದ್ದು ಸರಿಯೇ, ಅದು ಬೇರೆ ಮಾತು) ಅದಿರು ಸಾಗಿಸುವ ಲಾರಿಯ ಸಾಲದ ಕಂತು ಕಟ್ಟಲಾಗದೆ ಒದ್ದಾಡಿದವರನ್ನು ನೋಡಿದ್ದೇವೆ. ನಿಮ್ಮ ಲೇಖನದಲ್ಲಿ ಈ ಭಯದಲ್ಲೇ ಬದುಕುವ ಗುತ್ತಿಗೆ ಕಾರ್ಮಿಕರ ಬಗ್ಗೆ ಒಂದು ಸಾಲೂ ಇಲ್ಲವಲ್ಲ, ಯಾಕೆ?