ಮರುಭೂಮಿಯ ನೀರುಗಂಟಿ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮರುಭೂಮಿ ತೋರಿಸುವುದೆಂದರೆ ಮಡಿಕೇರಿಯವರಿಗೆ ಮಂಜು ತೋರಿಸಿದಂತೆ ಎಂಬುದು ನನಗೆ ಲೇಹ್ ವಿಮಾನ ನಿಲ್ದಾಣದ ಹೊರಗೆ ನಿಂತಾಗಲೇ ಹೊಳೆಯಿತು. ಸುತ್ತಲೂ ಹುಲ್ಲೆಸಳಿಲ್ಲದ ಕಂದು ಬೆಟ್ಟಗಳು, ಅವುಗಳ ಹಿಂದೆ ಹಿಮದ ಶಿಖರಗಳು. ನಾನು ಬೆರಗಾಗಿ ನೋಡುತ್ತಿದ್ದರೆ ಎಪ್ಪತ್ತೆರಡರ ಅಪ್ಪ ಮಫ್ಲರ್ ಸರಿಪಡಿಸಿಕೊಂಡು, ‘ಅಲ್ಲಮ್ಮಾ, ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಚಳ್ಳಕೆರೆ ಕಡೆ ಗುಡ್ಡಕ್ಕೇ ಮೇಲೊಂದಿಷ್ಟು ಸುಣ್ಣ ಬಳಿದಂಗಿದೆ’ ಎಂದರು.

ಮಾತು ತಮಾಷೆಯದಾದರೂ ತಪ್ಪಾಗಿರಲಿಲ್ಲ. ಮುಂಗಾರಿನ ಮೋಡಗಳನ್ನು ನಮಗೆ ತಲುಪುವ ಮೊದಲೇ ಪಶ್ಚಿಮಘಟ್ಟ ಹಿಂಡಿಕೊಳ್ಳುತ್ತದೆ. ಲಡಾಖಿನ ಮೋಡಗಳನ್ನು ಹಿಮಾಲಯ ಹಿಂಡಿಕೊಳ್ಳುತ್ತದೆ. ಎರಡೂ ಮಳೆಯ ನೆರಳಿನ ಸೀಮೆಗಳೇ. ವ್ಯತ್ಯಾಸ ಪ್ರಮಾಣದ್ದು ಮಾತ್ರ. ಚಳ್ಳಕೆರೆಯಲ್ಲಿ ವರ್ಷಕ್ಕೆ ಸರಾಸರಿ 500 ಮಿಲಿಮೀಟರಿಗಿಂತ ಕಡಿಮೆ ಮಳೆಯಾದರೆ, ಲೇಹ್‌ನಲ್ಲಿ ಬೀಳುವುದು 100 ಮಿಲಿಮೀಟರಿನ ಆಸುಪಾಸು. ಈ ಅಂಕಿಯನ್ನು ಹೇಳಿದಾಗ ಅಪ್ಪನ ಮುಖದಲ್ಲಿ ಮೊದಲ ಬಾರಿಗೆ ಗೌರವ ಕಾಣಿಸಿತು. ನಮಗಿಂತ ಬಡವರೂ ಇದ್ದಾರೆ ಎಂದು ತಿಳಿದಾಗ ಮನುಷ್ಯನಿಗೆ ಆಗುವ ಒಂದು ಬಗೆಯ ಸಮಾಧಾನವೂ ಅದರಲ್ಲಿ ಬೆರೆತಿತ್ತೆಂದು ನನ್ನ ಅನುಮಾನ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗವಷ್ಟೇ. ಹಾಗಾಗಿ ಮೊದಲ ಎರಡು ದಿನ ಹೋಂಸ್ಟೇಯ ಕೋಣೆಯಲ್ಲಿ ಮಲಗಿಯೇ ಇರಬೇಕಾಯಿತು. ಅಪ್ಪ ಕಿಟಕಿಯಿಂದ ಪಕ್ಕದ ಮನೆಯ ಚಾವಣಿಯನ್ನು ನೋಡುತ್ತಿದ್ದರು. ಸಪಾಟಾದ ಮಣ್ಣಿನ ಚಾವಣಿ, ಅದರ ಕೆಳಗೆ ಮರದ ತೊಲೆಗಳು, ಅದರ ಮೇಲೆ ಒಟ್ಟಿದ ಒಣ ಮೇವು. ನಮ್ಮೂರಿನ ಮಾಳಿಗೆ ಮನೆಯೇ. ‘ಕರಲು ಮಣ್ಣು ಹಾಕಿದ್ದಾರೋ ಇಲ್ಲವೋ ಕೇಳು’ ಎಂದರು. ಮನೆಯೊಡೆಯ ನಕ್ಕು, ಮಳೆಯೇ ಇಲ್ಲದ ಮೇಲೆ ಯಾವ ಮಣ್ಣಾದರೂ ಸರಿಯೆಂದು ನಮ್ಮ ಹಿರಿಯರು ತಿಳಿದಿದ್ದರು ಎಂದ. ನಂತರ ದನಿ ತಗ್ಗಿಸಿ, 2010ರ ಆಗಸ್ಟಿನ ಒಂದು ರಾತ್ರಿ ಮೋಡ ಒಡೆದು ಬೆಟ್ಟದಿಂದ ಕೆಸರು ಹರಿದುಬಂದ ಕಥೆ ಹೇಳಿದ. ಆ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಮಳೆ ಬಾರದ ಊರನ್ನು ಮಳೆಯೇ ಕೊಂದದ್ದನ್ನು ಕೇಳಿ ಅಪ್ಪ ಆ ಸಂಜೆ ಹೆಚ್ಚು ಮಾತಾಡಲಿಲ್ಲ.

ನನ್ನ ಫೋನಿನಲ್ಲಿ ನೋಡಬೇಕಾದ ಜಾಗಗಳ ಉದ್ದನೆಯ ಪಟ್ಟಿಯಿತ್ತು. ಪಾಂಗಾಂಗ್ ಸರೋವರಕ್ಕೆ ಐದು ಸಾವಿರ ಮೀಟರ್ ಮೀರಿದ ಕಣಿವೆ ದಾಟಿ ಹೋಗಬೇಕೆಂದು ತಿಳಿದ ಕೂಡಲೇ ಅದನ್ನು ಕೈಬಿಟ್ಟೆವು. ನನಗೆ ಬೇಸರವಾಯಿತು, ಅಪ್ಪನಿಗಲ್ಲ. ಆ ನೀರು ಉಪ್ಪೆಂದು ಯಾರೋ ಹೇಳಿದ್ದರು. ಉಪ್ಪು ನೀರು ನೋಡುವುದಕ್ಕೆ ನಮ್ಮ ಬೋರ್‌ವೆಲ್ ಸಾಲದೇ ಎಂಬುದು ಅವರ ವಾದ. ಹದಿನೇಳನೆಯ ಶತಮಾನದಲ್ಲಿ ಸೆಂಗೆ ನಾಮ್‌ಗ್ಯಾಲ್ ದೊರೆಯ ಕಾಲದಲ್ಲಿ ಎದ್ದ ಒಂಬತ್ತು ಅಂತಸ್ತಿನ ಅರಮನೆಯನ್ನು ಕೆಳಗಿನಿಂದಲೇ ನೋಡಿ, ಏಳು ಸುತ್ತಿನ ಕೋಟೆಯ ಊರಿನವರಿಗೆ ಸಹಜವಾದ ಬಿಗುಮಾನದಿಂದ, ‘ಚೆನ್ನಾಗಿದೆ. ಹೊಂಡ ಎಲ್ಲಿದೆ?’ ಎಂದು ಕೇಳಿದರು. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಸಂತೆ ಹೊಂಡಗಳನ್ನು ಎಣಿಸದೆ ದುರ್ಗದವರು ಯಾವ ಕೋಟೆಯನ್ನೂ ಕೋಟೆಯೆಂದು ಒಪ್ಪುವುದಿಲ್ಲ.

ಅಪ್ಪನಿಗೆ ಅಲ್ಲಿ ನಿಜವಾಗಿ ಕಾಡಿದ್ದು ಒಂದೇ ಪ್ರಶ್ನೆ. ಇಷ್ಟು ಬೋಳು ನೆಲದ ನಡುವೆ ಊರಿರುವ ಕಡೆ ಮಾತ್ರ ಪಾಪ್ಲರ್ ಮರಗಳೂ ಬಾರ್ಲಿಯ ಹಸಿರು ಹೊಲಗಳೂ ಇವೆಯಲ್ಲ, ಅವುಗಳಿಗೆ ನೀರು ಎಲ್ಲಿಂದ? ಸಿಂಧೂ ನದಿಯನ್ನು ತೋರಿಸಿದೆ. ಅವರು ಒಪ್ಪಲಿಲ್ಲ, ಹೊಳೆ ಅಷ್ಟು ಕೆಳಗೆ, ಹೊಲ ಇಷ್ಟು ಮೇಲೆ, ನೀರು ಗುಡ್ಡ ಹತ್ತುವುದಿಲ್ಲ. ಭದ್ರೆಯ ನೀರು ಮೇಲೆ ಬರಲೆಂದು ಕಾದೇ ತಲೆ ನರೆತವರಿಗೆ ಈ ಲೆಕ್ಕವನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಮನೆಯೊಡೆಯ ವಿವರಿಸಿದ. ಮೇಲಿನ ಹಿಮ ಕರಗಿ ಹಳ್ಳವಾಗಿ ಇಳಿಯುತ್ತದೆ, ಹಳ್ಳದಿಂದ ಕಾಲುವೆ ತೋಡುತ್ತಾರೆ, ರಾತ್ರಿಯ ನೀರನ್ನು ‘ಝಿಂಗ್’ ಎಂಬ ಕಟ್ಟೆಯಲ್ಲಿ ನಿಲ್ಲಿಸುತ್ತಾರೆ, ಯಾವ ಹೊಲಕ್ಕೆ ಯಾವಾಗ ನೀರು ಎಂಬುದನ್ನು ‘ಚುರ್ಪೋನ್’ ನೋಡಿಕೊಳ್ಳುತ್ತಾನೆ. ನಾನು ಇದನ್ನು ಹಿಂದಿಯಿಂದ ಕನ್ನಡಕ್ಕೆ ತರುತ್ತಿದ್ದಂತೆ ಅಪ್ಪ ನನ್ನ ಮಾತನ್ನು ಅರ್ಧಕ್ಕೆ ತಡೆದು, ‘ನೀರುಗಂಟಿ ಅನ್ನು!’ ಎಂದರು.

ನಮ್ಮಜ್ಜ ಊರಿನ ಕೆರೆಯ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಕೋಡಿ ಕಾಯುವುದು, ಕಾಲುವೆಯ ಕೊನೆಯ ಗದ್ದೆಗೂ ಪಾಲು ತಲುಪಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯದ ಕಾಳು ಅದಕ್ಕೆ ಸಂಬಳ. ರಾತ್ರಿ ಪಾಳಿಯಲ್ಲಿ ಲಾಟೀನು ಹಿಡಿದು ಅವರ ಹಿಂದೆ ನಡೆಯುತ್ತಿದ್ದವರು ಅಪ್ಪ. ಬೋರ್‌ವೆಲ್‌ಗಳು ಬಂದ ಮೇಲೆ ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ನೀರುಗಂಟಿಯಾದ. ಕೆರೆಯಲ್ಲಿ ಹೂಳು ತುಂಬಿತು, ಹೂಳಿನ ಮೇಲೆ ಜಾಲಿ ಬೆಳೆಯಿತು. 2022ರಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಮನೆಮಂದಿಯನ್ನೆಲ್ಲ ಗಾಡಿ ಮಾಡಿ ಕರೆದೊಯ್ದಿದ್ದ ಅಪ್ಪ, ಅಲ್ಲಿ ಹರಿಯುವ ನೀರನ್ನು ನೋಡುತ್ತ ಕೈಮುಗಿದು ನಿಂತಿದ್ದರು. ಲೇಹ್‌ನ ಆ ಮೂರು ಅಡಿಯ ಕಾಲುವೆಯ ಮುಂದೆ ನಿಂತದ್ದೂ ಹೆಚ್ಚುಕಡಿಮೆ ಹಾಗೆಯೇ.

ಅಲ್ಲಿಂದ ಮುಂದೆ ಪ್ರವಾಸ ನನ್ನ ಕೈತಪ್ಪಿತು. ಬಿತ್ತನೆಯ ಹೊತ್ತಿಗೆ ಹಳ್ಳದಲ್ಲಿ ನೀರು ಸಾಲದು, ಚಳಿಗಾಲದಲ್ಲಿ ಮಾತ್ರ ಬೇಡದ ನೀರು ಸುಮ್ಮನೆ ಹರಿದುಹೋಗುತ್ತದೆ ಎಂಬುದು ಆ ನಾಡಿನ ಹಳೆಯ ಸಂಕಟ. ಆ ನೀರನ್ನು ನೆರಳಿರುವ ಕಡೆಗೆ ತಿರುಗಿಸಿ, ಕಲ್ಲಿನ ತಡೆಗಳಲ್ಲಿ ನಿಧಾನಗೊಳಿಸಿ, ಮಂಜುಗಡ್ಡೆಯಾಗಿ ಕೂಡಿಟ್ಟವರು ಲಡಾಖಿನ ಎಂಜಿನಿಯರ್ ಚೆವಾಂಗ್ ನಾರ್ಫೆಲ್; 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೋನಮ್ ವಾಂಗ್‌ಚುಕ್ ಅವರು ಎತ್ತರದ ಹಳ್ಳದಿಂದ ಕೊಳವೆಯಲ್ಲಿ ನೀರು ತಂದು, ಪಂಪಿಲ್ಲದೆ ಕಾರಂಜಿಯಂತೆ ಚಿಮ್ಮಿಸಿ, ಅದನ್ನು ಶಂಕುವಿನಾಕಾರದ ಹಿಮಸ್ತೂಪವಾಗಿಸಿದರು. ಆ ಆಕಾರದಲ್ಲಿ ಬಿಸಿಲಿಗೆ ತಾಗುವ ಮೈ ಕಡಿಮೆ, ಆದ್ದರಿಂದ ಬೇಗ ಕರಗುವುದಿಲ್ಲ. ನಾವು ಹೋದದ್ದು ಜೂನಿನಲ್ಲಿ. ಇವನ್ನೆಲ್ಲ ಫೋಟೊಗಳಲ್ಲಿ ನೋಡಿದೆವು. ‘ರಾಗಿ ಹಗೇವಿನಲ್ಲಿ ಹಾಕಿದಂಗೆ ನೀರನ್ನ ಹಾಕಿಟ್ಟಿದ್ದಾರಲ್ಲೇ!’ ಎಂದು ಅಪ್ಪ ಅದೇ ಫೋಟೊಗಳನ್ನು ಮತ್ತೆ ಮತ್ತೆ ತೋರಿಸಲು ಹೇಳಿದರು.

ಕೊನೆಯ ದಿನ ಬೆಳಿಗ್ಗೆ ಎದ್ದಾಗ ಅಪ್ಪನ ಹಾಸಿಗೆ ಖಾಲಿಯಿತ್ತು. ಗಾಬರಿಯಿಂದ ಹುಡುಕಿಕೊಂಡು ಹೋದರೆ ಅವರು ಬಾರ್ಲಿ ಹೊಲದ ಬದುವಿನ ಮೇಲೆ, ಸಲಿಕೆ ಹಿಡಿದ ಒಬ್ಬ ಮುದುಕರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಲಡಾಖಿ. ‘ಜುಲೇ’ ಎಂಬ ನಮಸ್ಕಾರವನ್ನು ಬಿಟ್ಟರೆ ಇಬ್ಬರ ನಡುವೆ ಭಾಷೆಯಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅಪ್ಪ ಕೈಚಾಚಿ ಕಾಲುವೆಯ ಬಾಯಿಗೆ ಇಟ್ಟಿದ್ದ ಹೆಂಟೆಯನ್ನು ಎತ್ತಿ ನೀರನ್ನು ಮುಂದಿನ ಮಡಿಗೆ ತಿರುಗಿಸಿದರು. ಮುದುಕರು ತಲೆಯಾಡಿಸಿ, ಆ ಹೆಂಟೆಯನ್ನು ಮತ್ತೆ ಅಲ್ಲಿಯೇ ಇಟ್ಟು, ಇನ್ನೂ ಅರ್ಧ ಒಣಗಿದ್ದ ಹಿಂದಿನ ಮಡಿಯ ಮೂಲೆಯನ್ನು ಬೆರಳು ಮಾಡಿ ತೋರಿಸಿದರು. ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಾಲಿಗೆ ಕಚ್ಚಿಕೊಂಡರು.

ಟ್ಯಾಕ್ಸಿ ಬಂದಿದೆ, ವಿಮಾನ ತಪ್ಪುತ್ತದೆ ಎಂದು ಬದುವಿನ ಆಚೆಯಿಂದ ಕೂಗಿದೆ. ಅಪ್ಪ ತಿರುಗದೆಯೇ ಕೈಯೆತ್ತಿ, ‘ಸ್ವಲ್ಪ ತಡಿಯಮ್ಮಾ, ಈ ಮಡಿ ತುಂಬಲಿ’ ಎಂದರು.